ಏರ್ ಫಿಲ್ಟರ್ ಡಬ್ಬಿಯ ಮೇಲರ್ಧ

ಸೋಮವಾರ ಬೆಳಿಗ್ಗೆ ವ್ಯಾನಿನ ಮುಂದಿನ ಸೀಟು ಎತ್ತಿ ಒಳಗೆ ನೋಡಿದಾಗ ನನಗೆ ಮೊದಲು ಬಂದದ್ದು ಹೇಸಿಗೆ. ಇಂಜಿನ್ನಿನ ಜಾಯಿಂಟುಗಳಲ್ಲೆಲ್ಲ ಕೆಂಪು ಸಿಲಿಕಾನ್ ಅಂಟು ಹಲ್ಲುಜ್ಜುವ ಪೇಸ್ಟಿನಂತೆ ಉಕ್ಕಿ ಒಣಗಿತ್ತು. ಬ್ರೇಕಿಗೆ ಹೋಗುವ ವ್ಯಾಕ್ಯೂಮ್ ಪೈಪಿನ ಅಳತೆ ಕೂಡದ್ದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ತಂತಿ ಬಿಗಿದಿದ್ದರು. ವೈರುಗಳನ್ನು ತಿರುಚಿ ಟೇಪು ಸುತ್ತಿದ್ದರು. ಆ ಟೇಪು ಬಿಸಿಗೆ ಕರಗಿ ನನ್ನ ಬೆರಳಿಗೆ ಮೆತ್ತಿಕೊಂಡಿತು. ಅಡುಗೆ ಮಾಡಿ ಒಲೆ ಒರೆಸದೆ, ಪಾತ್ರೆ ಎತ್ತದೆ ಎದ್ದುಹೋದವರ ಅಡುಗೆಮನೆ ಹೇಗಿರುತ್ತದೋ ಹಾಗಿತ್ತು.

ಹುಣಸೂರಿನ ಹೊರಗೆ, ಕೋಟೆ ಊರಿಗೆ ಹೋಗುವ ರಸ್ತೆಯಲ್ಲಿ ನನ್ನ ಶೆಡ್ಡು. ಎಂಟು ಸೀಟಿನ ಆ ಹಳೆಯ ವ್ಯಾನಿನ ಒಡತಿ ಅಂತರಸಂತೆ ಕಡೆಯ ಹೆಂಗಸು. ನಲವತ್ತರ ಆಸುಪಾಸು. ತಾನೇ ಓಡಿಸುತ್ತಾಳೆ. ಹಳೆಯ ಇಂಜಿನ್ ಇದ್ದಷ್ಟು ಕಾಲ ಅದರ ರಿಪೇರಿಯೆಲ್ಲ ನನ್ನದೇ. ಅದು ಜಾಮ್ ಆಗಿ ಕೂತಾಗ, "ಇದಕ್ಕೆ ಸಾಮಾನು ಸಿಗಲ್ಲ ಕಣವ್ವ, ಗುಜರಿಗೆ ಹಾಕು" ಅಂದವನೂ ನಾನೇ. ಆಕೆ ಕೇಳಲಿಲ್ಲ. ಮೈಸೂರಿನ ಒಬ್ಬ ಫಿಟ್ಟರ್ ಅಪಘಾತದಲ್ಲಿ ಜಜ್ಜಿಹೋಗಿದ್ದ ಕಾರೊಂದರ ಇಂಜಿನ್ ತಂದು ಇದಕ್ಕೆ ಕೂರಿಸಿ, ಆರ್‌ಟಿಒ ಕಾಗದವನ್ನೂ ಸರಿಮಾಡಿಸಿ ಕೊಟ್ಟಿದ್ದ. ಹಳೆಯದು ಕಾರ್ಬುರೇಟರಿನದು. ಹೊಸದರಲ್ಲಿ ಎಷ್ಟು ಗಾಳಿ ಬಂತೆಂದು ಕಂಪ್ಯೂಟರ್ ಲೆಕ್ಕ ನೋಡಿ ಅಷ್ಟೇ ಪೆಟ್ರೋಲ್ ಚಿಮ್ಮಿಸುತ್ತದೆ.

"ಓಡೋವಾಗ ಏನೂ ಇಲ್ಲ ಕಣಣ್ಣ, ಕುದ್ರೆ ಓಡ್ದಂಗೆ ಓಡ್ತದೆ. ನಿಂತ್ಕಂಡ್ರೆ ಬಂತು ನೋಡಿ ಇದ್ಕೆ ರೋಗ," ಎಂದಳು.

ಸ್ಟಾರ್ಟ್ ಮಾಡಿ ತೋರಿಸಿದಳು. ಆಕ್ಸಿಲೇಟರಿನಿಂದ ಕಾಲು ಎತ್ತಿದರೆ ಇಂಜಿನ್ ತನ್ನಷ್ಟಕ್ಕೆ ತಾನು ಮೆಲ್ಲಗೆ ಓಡುತ್ತಿರಬೇಕು. ಅದಕ್ಕೆ ನಾವು ಐಡ್ಲಿಂಗ್ ಅನ್ನುತ್ತೇವೆ. ಇದರಲ್ಲಿ ನಿಮಿಷಕ್ಕೆ ಇಂಜಿನ್ ಎಷ್ಟು ಸುತ್ತು ಎಂದು ತೋರಿಸುವ ಮುಳ್ಳು ಒಂದೂವರೆ ಸಾವಿರಕ್ಕೆ ಏರುತ್ತಿತ್ತು, ಐನೂರಕ್ಕೆ ಬೀಳುತ್ತಿತ್ತು, ಮತ್ತೆ ಏರುತ್ತಿತ್ತು. ಬಿಕ್ಕಳಿಕೆ ಹಿಡಿದವರಂತೆ. ಐದಾರು ಸಲ ಹೀಗಾಗಿ ಒಂದು ಸಲ ಕೆಳಗೆ ಬಿದ್ದದ್ದು ಮೇಲೇಳಲಿಲ್ಲ. ಆಫ್.

ಬೇರೆಯವರ ಗಾಡಿಯಾದರೆ ಇದು ಸಿಗ್ನಲ್ಲಿನಲ್ಲಿ ಮುಜುಗರದ ವಿಷಯ. ಆಕೆಗೆ ಹಾಗಲ್ಲ. ದಿನವೂ ಬೆಳಿಗ್ಗೆ ಕೋಟೆಯಿಂದ ಐವರು ಟೀಚರುಗಳನ್ನು ಕೂರಿಸಿಕೊಂಡು ಅಂತರಸಂತೆ ದಾಟಿ ಕಾಡಂಚಿನ ಆದಿವಾಸಿ ಹಾಡಿಗಳ ಶಾಲೆಗಳಿಗೆ ಬಿಟ್ಟು, ಸಂಜೆ ಕರೆತರುವುದು ಆಕೆಯ ಕೆಲಸ. ಆ ರಸ್ತೆಯ ಡ್ರೈವರುಗಳಿಗೆ ಒಂದು ಕ್ರಮವಿದೆ. ಆನೆ ರಸ್ತೆಗೆ ಬಂದರೆ ದೂರದಲ್ಲೇ ನಿಲ್ಲಬೇಕು. ಹಾರ್ನ್ ಒತ್ತಬಾರದು, ರೇಸ್ ಕೊಡಬಾರದು, ಇಂಜಿನ್ ಆರಿಸಲೂಬಾರದು. ಸಣ್ಣ ಸದ್ದಿನಲ್ಲಿ ಅದು ಓಡುತ್ತಲೇ ಇರಬೇಕು. ಕೈ ರಿವರ್ಸ್ ಗೇರಿನ ಮೇಲಿರಬೇಕು. ಆನೆ ದಾಟುವ ತನಕ ಹತ್ತು ನಿಮಿಷವೋ ಅರ್ಧ ಗಂಟೆಯೋ ಐಡ್ಲಿಂಗಿನಲ್ಲೇ ಕಾಯುವುದು.

"ಈಗಾಗ್ಲೆ ಎಲ್ಡ್ ಸಲ ಚೆಕ್‌ಪೋಸ್ಟ್ ತಾವ ಆಫಾಗದೆ. ಟೀಚರಮ್ಮೋರು ಮೊಕ ಮೊಕ ನೋಡ್ಕತಾರೆ. ಆನೆ ಮುಂದೆ ಆಫಾದ್ರೆ ಏನ್ ಮಾಡ್ಲಣ್ಣ?"

"ಆಗಲ್ಲ ಬುಡವ್ವ, ನಾನಿದೀನಿ," ಅಂದೆ. ಆ ಮಾತು ಅಂದದ್ದು ನನಗೆ ಚೆನ್ನಾಗಿ ನೆನಪಿದೆ.

ನನಗೆ ಬರೆದಿಡುವ ಚಾಳಿ. ಉದ್ದ ನೋಟ್‌ಬುಕ್ಕಿನ ಎಡಪುಟದಲ್ಲಿ ಗಾಡಿಗಳ ವಿಷಯ, ಬಲಪುಟದಲ್ಲಿ ಮನೆಯದು. ಆ ಸೋಮವಾರದ ಎಡಪುಟದಲ್ಲಿ ಹೀಗಿದೆ: "ತಣ್ಣಗಿದ್ದಾಗ ಸುಮಾರು, ಬಿಸಿಯಾದ ಮೇಲೆ ಕುಣಿತ. ಕೆಲಸ ಮಾಡಿದವನು ಮನುಷ್ಯನೋ ಏನೋ." ಬಲಪುಟದಲ್ಲಿ: "ಹುರುಳಿಕಾಳು ಬಸ್ಸಾರು. ಮೊಸರು ಹುಳಿ."

ಕುಣಿತಕ್ಕೆ ಸಾಮಾನ್ಯ ಕಾರಣ ಕಳ್ಳಗಾಳಿ. ಕಂಪ್ಯೂಟರಿಗೆ ಗೊತ್ತಿಲ್ಲದ ಗಾಳಿ ಎಲ್ಲೋ ಒಳಗೆ ನುಗ್ಗಿದರೆ ಅದರ ಲೆಕ್ಕ ತಪ್ಪುತ್ತದೆ. ನಾನು ಮನೆಯಿಂದ ಊದುಬತ್ತಿ ತಂದು ಹಚ್ಚಿ ಒಂದೊಂದೇ ಜಾಯಿಂಟಿನ ಬಳಿ ಹಿಡಿದೆ. ಸೈಕಲ್ ಟ್ಯೂಬ್ ಕಟ್ಟಿದ ಜಾಗದಲ್ಲಿ ಹೊಗೆ ಸರ್ರನೆ ಒಳಕ್ಕೆ ಹೋಯಿತು. ಸಿಲಿಕಾನ್ ಮೆತ್ತಿದ ಎರಡು ಕಡೆಯೂ ಹೋಯಿತು. ಸಿಲಿಕಾನನ್ನು ಬ್ಲೇಡಿನಲ್ಲಿ ಹೆರೆಯುತ್ತ ಕೂತೆ. ಸತ್ತ ಎರೆಹುಳುಗಳಂತೆ ತುಂಡುತುಂಡಾಗಿ ಬಂತು. ಅರ್ಧ ದಿನ ಅದರಲ್ಲೇ ಹೋಯಿತು. ಇಂಜಿನ್ನಿಗೂ ಬಾಡಿಗೂ ನಡುವೆ ಇರಲೇಬೇಕಾದ ದಪ್ಪ ಅರ್ಥ್ ವೈರು ಇರಲೇ ಇಲ್ಲ. ಮರೆತಿದ್ದಾನೆ ಅಂತ ನನಗನ್ನಿಸಲಿಲ್ಲ. ಹಾಕಲು ಬೇಸರಪಟ್ಟಿದ್ದಾನೆ ಅಂತಲೇ ಅನ್ನಿಸಿತು.

ಮಂಗಳವಾರ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಮುಚ್ಚಳ ತೆಗೆದು ಫಿಲ್ಟರ್ ಎತ್ತಿದವನೇ ಎರಡು ಹೆಜ್ಜೆ ಹಿಂದೆ ಸರಿದೆ. ಫಿಲ್ಟರಿನ ಕೆಳಗೆ ಇಲಿ ಗೂಡು ಮಾಡಿತ್ತು. ಸೀಟಿನ ಹತ್ತಿ, ಕಡಲೆಕಾಯಿ ಸಿಪ್ಪೆ, ಅದರ ನಡುವೆ ಕಣ್ಣು ಬಿಡುವ ಮೊದಲೇ ಸತ್ತು ಒಣಗಿದ ನಾಲ್ಕು ಮರಿಗಳು. ಈ ಇಂಜಿನ್ ಇಷ್ಟು ದಿನ ಉಸಿರೆಳೆದದ್ದು ಈ ಗೂಡಿನ ಮೂಲಕ. ಅದರ ಮೇಲಿನ ಸೀಟಿನಲ್ಲೇ ಒಬ್ಬರು ಟೀಚರು ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದರು. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಶೆಡ್ಡಿನ ಹಿಂದೆ ನನ್ನ ಸ್ನೇಹಿತನ ಬ್ಯಾರನ್ ಇದೆ, ಹೊಗೆಸೊಪ್ಪನ್ನು ಒಲೆಯ ಕಾವಿನಲ್ಲಿ ಒಣಗಿಸುವ, ನಮ್ಮ ಮಾತಲ್ಲಿ ಬೇಯಿಸುವ, ಮನೆ. ಬೇಯಿಸುವ ತಿಂಗಳುಗಳವು. ಅವನು ಹಗಲಿಗೆ ಎರಡು ಸಲ ನನ್ನ ಹತ್ತಿರ ಬಂದು ಕೂತು ಹೋಗುವುದು ವಾಡಿಕೆ. ಮೂಗು ಮುಚ್ಚಿಕೊಂಡು ಬಗ್ಗಿ ನೋಡಿದ.

"ಏನ್ಲಾ ಇದು, ಇಲಿ ಬಾಣಂತನಾನೂ ಮಾಡುಸ್ತಿದ್ದೀಯಾ?"

"ಆ ಮೈಸೂರು ಫಿಟ್ಟರ್ ಮಾಡ್ಸಿರೋದು ಕಣೋ."

"ಇರು, ಒಂದಿಡಿ ಎಲೆ ಕೊಡ್ತೀನಿ. ಮಡಗಿ ನೋಡು, ಅದರ ತಾತ ಬಂದ್ರೆ ಕೇಳು."

ನಮ್ಮ ಕಡೆ ಇದು ಹೊಸದಲ್ಲ. ಬೆಂದ ಎಲೆ ನಾಲ್ಕಾದರೂ ಇಟ್ಟರೆ ಇಲಿ ವೈರು ಕಡಿಯುವುದಿಲ್ಲ. ಟ್ರ್ಯಾಕ್ಟರಿನಿಂದ ಹಿಡಿದು ಸ್ಕೂಟರಿನವರೆಗೆ ಎಲ್ಲರೂ ಇಡುತ್ತಾರೆ. ನಾನು ಡಬ್ಬಿಯನ್ನು ಸೋಪಿನ ನೀರಿನಲ್ಲಿ ಮೂರು ಸಲ ತೊಳೆದು ಬಿಸಿಲಿಗೆ ಒಣಗಿಸಿ, ಹೊಸ ಫಿಲ್ಟರ್ ಕೂರಿಸಿ ಮುಚ್ಚಿದೆ. ನನಗೆ ನನ್ನ ಕೆಲಸದ ಮೇಲೆ ಒಂಥರಾ ಅಭಿಮಾನ ಬಂತು.

ಬುಧವಾರ ಸರಿಯಾದ ಅಳತೆಯ ಪೈಪು, ಗ್ಯಾಸ್ಕೆಟ್, ಅರ್ಥ್ ವೈರು ಎಲ್ಲ ಹಾಕಿದೆ. ಗುರುವಾರ ಸ್ಕ್ಯಾನರ್ ಜೋಡಿಸಿ ಹಳೆಯ ಎರರ್ ಅಳಿಸಿ, ಇಂಜಿನ್ ಬಿಸಿಮಾಡಿ, ಕಂಪ್ಯೂಟರಿಗೆ ಐಡ್ಲಿಂಗ್ ಹೊಸದಾಗಿ ಕಲಿಸಿದೆ. ಮುಳ್ಳು ಎಂಟುನೂರಕ್ಕೆ ಬಂದು ನಿಂತಿತು. ಒಂದು ಲೋಟ ಚಹಾ ತಂದು ಬಾನೆಟ್ಟಿಲ್ಲದ ಆ ಇಂಜಿನ್ನಿನ ಪಕ್ಕದ ತಗಡಿನ ಮೇಲೆ ಇಟ್ಟೆ. ಚೆಲ್ಲಲಿಲ್ಲ. ಅರ್ಧ ಗಂಟೆ ಬಿಟ್ಟು ಅದೇ ಚಹಾ ತಣ್ಣಗೆ ಕುಡಿದೆ.

ಶುಕ್ರವಾರ ಆಕೆ ಒಯ್ದಳು.

ಮುಂದಿನ ಮಂಗಳವಾರ ಮಧ್ಯಾಹ್ನ ವಾಪಸ್ ಬಂದಳು. ವ್ಯಾನು ಶೆಡ್ಡಿನೊಳಗೆ ಬಂದು ನಿಲ್ಲುವ ಮೊದಲೇ ನನಗೆ ಆ ಬಿಕ್ಕಳಿಕೆ ಕೇಳಿಸಿತು. ಆಕೆ ಇಳಿದು ಸ್ಟೂಲಿನ ಮೇಲೆ ಕೂತಳು. ನೀರು ಕೊಟ್ಟೆ. ಕುಡಿಯಲಿಲ್ಲ, ಹಿಡಿದುಕೊಂಡಿದ್ದಳು.

"ಮರಿ ಇತ್ತಣ್ಣ ಆನೆ ಜೊತೇಲಿ," ಎಂದಳು. "ನಾನು ಅಗೋ ಆ ಹುಣಿಸೇಮರದಷ್ಟು ದೂರದಲ್ಲೇ ನಿಲ್ಲುಸ್ದೆ. ನಿಂತು ಒಂದ್ನಿಮಿಸ ಆಗಿಲ್ಲ, ಕುಣಿಯೋಕ್ ಸುರು ಆಯ್ತು. ಅಂಗೇ ಆಫು. ಸೆಲ್ಫ್ ಒಡುದ್ರೆ ಕರ್ ಕರ್ ಕರ್. ಆ ಸಬ್ದಕ್ಕೆ ಅದು ತಿರುಗ್ತು. ಕಿವಿ ಅಗಲ ಮಾಡ್ತು."

"ಆಮೇಲೆ?"

"ಆಮೇಲೇನು. ನಾಕ್ನೇ ಸಲಕ್ಕೆ ಸ್ಟಾರ್ಟಾಯ್ತು. ರಿವರ್ಸಲ್ಲಿ ಒಂದು ಫರ್ಲಾಂಗ್ ಬಂದೆ. ಹಿಂದ್ಗಡೆ ಒಬ್ಬರು ವಾಂತಿ ಮಾಡ್ಕಂಡ್ರು. ದೊಡ್ ಟೀಚರಮ್ಮೋರು ಯೋಳುದ್ರು, ಮುಂದ್ಲು ಸೋಮ್ವಾರ ಒಂದಿನ ನೋಡ್ತೀವಿ, ಇಲ್ಲಾಂದ್ರೆ ಬ್ಯಾರೆ ಗಾಡಿ ನೋಡ್ಕತೀವಿ ಕಣಮ್ಮ, ಬೇಜಾರ್ ಮಾಡ್ಕಬ್ಯಾಡ, ಅಂತ. ಬೇಜಾರೇನ್ ಮಾಡ್ಕಳ್ಳದು, ನಾನೂ ಇಳ್ದು ಬ್ಯಾರೆ ಗಾಡಿಗೇ ಅತ್ತೀನಿ ಅನ್ನಂಗಾಗಿತ್ತು ನಂಗೆ."

ಆ ಐವರು ಬಿಟ್ಟರೆ ಆ ವ್ಯಾನಿಗೆ ಬೇರೆ ಕೆಲಸವಿಲ್ಲ ಎಂಬುದು ನನಗೆ ಗೊತ್ತಿತ್ತು.

ಆಕೆಯನ್ನು ಬಸ್ಸಿಗೆ ಹತ್ತಿಸಿ ಬಂದು ಗಾಳಿಪೈಪನ್ನು ಇಂಜಿನ್ ಕಡೆಯಿಂದ ಬಿಚ್ಚಿದೆ. ಗಾಳಿ ಒಳಹೋಗುವ ಬಾಗಿಲಿಗೆ ಥ್ರಾಟಲ್ ಬಾಡಿ ಎನ್ನುತ್ತೇವೆ. ಕಾಲೆತ್ತಿದಾಗ ಆ ಬಾಗಿಲು ಮುಚ್ಚಿರುತ್ತದೆ. ಆಗ ಇಂಜಿನ್ ಪಕ್ಕದ ಒಂದು ಸಣ್ಣ ಕಿಂಡಿಯಿಂದ ಉಸಿರಾಡುತ್ತದೆ. ಆ ಕಿಂಡಿಯನ್ನು ಎಷ್ಟು ತೆರೆಯಬೇಕೆಂದು ಕಂಪ್ಯೂಟರ್ ಒಂದು ಚಿಕ್ಕ ಮೋಟಾರಿಗೆ ಹೇಳುತ್ತಿರುತ್ತದೆ. ಕಿಂಡಿಯ ತುಂಬ ಕಂದು ಬಣ್ಣದ ಅಂಟು. ಬೆರಳಿಟ್ಟರೆ ಎಳೆ ಎಳೆಯಾಗಿ ಮೇಲೆದ್ದು ಬಂತು, ಸಿಂಬಳದಂತೆ. ಮೋಟಾರಿನ ತುದಿ ಅದರಲ್ಲಿ ಹೂತುಹೋಗಿತ್ತು.

ಮೈಸೂರಿನ ಫಿಟ್ಟರಿಗೆ ಫೋನ್ ಮಾಡಿದೆ. ನನ್ನ ಬಾಯಿಂದ ಸಾಮಾನ್ಯವಾಗಿ ಬರದ ಮಾತುಗಳೆಲ್ಲ ಬಂದವು.

"ಸಾರ್, ಸಿಲಿಕಾನ್ ಹಾಕಿದ್ದು ನಾನೇ, ಇಲ್ಲ ಅನ್ನಲ್ಲ," ಎಂದ ಅವನು. "ಥ್ರಾಟಲ್ ಬಾಡಿ ಮಾತ್ರ ಬಿಚ್ಚಿ ತೊಳೆದು ಹಾಕಿದ್ದೀನಿ. ಫೋಟೋ ಇದೆ, ಕಳಿಸ್ಲಾ?"

ಕಳಿಸಿದ. ಕಿಂಡಿ ಬೆಳ್ಳಿ ಬಟ್ಟಲಿನಂತಿತ್ತು. ಬೇರೆ ಯಾವುದೋ ಗಾಡಿಯ ಫೋಟೋ ಅಂದುಕೊಂಡೆ. ಸೈಕಲ್ ಟ್ಯೂಬ್ ಕಟ್ಟುವವನ ಫೋಟೋವನ್ನು ಯಾರು ನಂಬುತ್ತಾರೆ?

ಬುಧವಾರ ಎಲ್ಲವನ್ನೂ ಪೆಟ್ರೋಲಿನಲ್ಲಿ, ಆಮೇಲೆ ಕ್ಲೀನರ್ ಸ್ಪ್ರೇಯಲ್ಲಿ ತೊಳೆದೆ. ಸಂಜೆ ಎಂಟುನೂರಕ್ಕೆ ನಿಂತಿತು. ಗುರುವಾರ ಪಿರಿಯಾಪಟ್ಟಣದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಿಕ್ಕಳಿಕೆ. ಬಿಚ್ಚಿದರೆ ಅದೇ ಅಂಟು, ಅಷ್ಟು ದಪ್ಪವಿಲ್ಲ, ಆದರೆ ಅದೇ.

ಇಂಜಿನ್ ಒಳಗಿನಿಂದಲೇ ಆಯಿಲ್ ಕಕ್ಕುತ್ತಿದೆ, ಪಿಸ್ಟನ್ನಿನ ರಿಂಗುಗಳು ಸವೆದುಹೋಗಿವೆ ಎಂದು ತೀರ್ಮಾನಿಸಿದೆ. ಗುಜರಿ ಇಂಜಿನ್, ಗುಜರಿ ಕೆಲಸ. ಸೋಮವಾರದೊಳಗೆ ಇದನ್ನು ಇಳಿಸಿ ಬಿಚ್ಚಿ ಜೋಡಿಸಲು ಸಾಧ್ಯವೇ ಇಲ್ಲ. "ಇಂಜಿನ್ನೇ ಸರಿಯಿಲ್ಲ ಕಣವ್ವ, ಟೀಚರುಗಳಿಗೆ ಹೇಳಿಬಿಡು" ಎಂದು ನಾಳೆ ಬೆಳಿಗ್ಗೆ ಫೋನ್ ಮಾಡುವುದು ಎಂದುಕೊಂಡೆ. ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಮನೆಗೆ ಹೋದೆ. ಅದರಲ್ಲಿ ತಪ್ಪೆಲ್ಲ ಫಿಟ್ಟರನದಾಗಿತ್ತು. ಹೇಳಿಕೊಳ್ಳಲು ಹಿತವಾಗಿತ್ತು.

ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ನನ್ನ ಹೆಂಡತಿ ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಲು ಬಂದವಳು ನಿಂತಳು.

"ನೀವ್ಯಾವಾಗ ಎಲೆ ಮುರಿಯಾಕೋಗಿದ್ರಿ?"

"ಎಲೆ ಎಲ್ಲಿ ಮುರೀಲಿ ನಾನು? ಇಂಜಿನ್ ಮಸಿ."

"ಇಂಜಿನ್ ಮಸಿ ನಾನ್ ಕಂಡಿಲ್ವಾ? ನಿಮ್ಮ ಬಟ್ಟೆ ಒಗ್ಯೋಳು ನಾನು. ನೊರೆ ನೋಡ್ರಿ, ಅರಿಶಿಣದ್ ಥರ ಬತ್ತಾ ಅದೆ. ಮದ್ವೆಗ್ ಮುಂಚೆ ನಮ್ಮಪ್ಪನ್ ಅಟ್ಟಿಲಿ ಆರು ವರ್ಸ ಎಲೆ ಮುರ್ದು, ಕಟ್ಟಿ, ವಿಂಗಡ್ಸಿರೋ ಕೈ ಇದು. ಇದು ಒಗೆಸೊಪ್ಪಿನ್ ಎಲೆ ಅಂಟು. ಸೋಪಲ್ಲಿ ಓಗಲ್ಲ, ಉಣಸೇಹಣ್ಣು ತತ್ತೀನಿ ಇರಿ."

ಕೈ ಮೂಸಿ ನೋಡಿದೆ. ಏನೂ ವಾಸನೆ ಬರಲಿಲ್ಲ. ಬರುವುದಾದರೂ ಹೇಗೆ? ಎಲೆ ಬೇಯಿಸುವ ತಿಂಗಳುಗಳಲ್ಲಿ ನಮ್ಮೂರಿನ ಗಾಳಿಯೇ ಅದು. ಒಣಗಹಾಕಿದ ಬಟ್ಟೆ, ಹೊದೆಯುವ ರಗ್ಗು, ಕುಡಿಯುವ ನೀರು, ಎಲ್ಲದರಲ್ಲೂ ಅದೇ. ನಮ್ಮ ಮೂಗಿಗೆ ಅದೊಂದು ವಾಸನೆಯೇ ಅಲ್ಲ.

ಹುಣಸೇಹಣ್ಣು ತಿಕ್ಕಿ ಕೈ ತೊಳೆದು ನೋಟ್‌ಬುಕ್ ತೆಗೆದೆ. ಹಿಂದಿನ ವಾರದ ಮಂಗಳವಾರದ ಎಡಪುಟದಲ್ಲಿ "ಡಬ್ಬಿ ತೊಳೆದೆ, ಹೊಸ ಫಿಲ್ಟರ್" ಅಂತಷ್ಟೇ ಇತ್ತು. ಬಲಪುಟ, ಮನೆಯ ಪುಟದಲ್ಲಿ, ಹೀಗಿತ್ತು: "ಊಟ ಮಾಡಲಿಲ್ಲ. ಬ್ಯಾರನ್ನಿನವನು ಎಲೆ ಕೊಟ್ಟ. ಅರ್ಧ ಮನೆಯ ರಾಗಿ ಮೂಟೆಗಳ ಸಂದಿಗೆ, ಅರ್ಧ ಬಟ್ಟೆಯಲ್ಲಿ ಕಟ್ಟಿ ವ್ಯಾನಿನ ಡಬ್ಬಿ ಮುಚ್ಚಳದ ಕೆಳಗೆ."

ಮುಚ್ಚಳದ ಕೆಳಗೆ.

ಹಳೆಯ ಇಂಜಿನ್ನಿನಲ್ಲಿ ಗಾಳಿ ಡಬ್ಬಿಯ ಮೇಲರ್ಧಕ್ಕೆ ಬಂದು ಫಿಲ್ಟರ್ ದಾಟಿ ಕೆಳಗಿನಿಂದ ಇಂಜಿನ್ನಿಗೆ ಹೋಗುತ್ತಿತ್ತು. ಮುಚ್ಚಳದ ಕೆಳಗೆ ಏನಿಟ್ಟರೂ ಅದರ ಪುಡಿ ಫಿಲ್ಟರಿನಲ್ಲೇ ನಿಲ್ಲುತ್ತಿತ್ತು. ಆ ವ್ಯಾನಿನಲ್ಲಿ ವರ್ಷವರ್ಷವೂ ನಾನು ಅಲ್ಲೇ ಎಲೆ ಇಟ್ಟಿದ್ದೇನೆ. ಈ ಹೊಸ ಇಂಜಿನ್ನಿನದು ತಲೆಕೆಳಗು. ಗಾಳಿ ಬರುವುದು ಕೆಳಗಿನಿಂದ. ಫಿಲ್ಟರ್ ದಾಟಿದ ಮೇಲಿನ ಚೊಕ್ಕಟ ಜಾಗವೇ ಮೇಲರ್ಧ. ಇಲಿ ಫಿಲ್ಟರಿನ ಕೆಳಗೆ ಗೂಡು ಕಟ್ಟಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೆ. ಕಸ ಬರುವ ಕಡೆ ಯಾವುದೆಂದು ಇಲಿ ತೋರಿಸಿಕೊಟ್ಟಿತ್ತು. ಆದರೂ ಕೈ ತನ್ನ ಹಳೇ ಜಾಗಕ್ಕೆ ಹೋಗಿತ್ತು.

ಶುಕ್ರವಾರ ಬೆಳಗಾಗುತ್ತಲೇ ಹೋಗಿ ಮುಚ್ಚಳ ತೆಗೆದೆ. ಎರಡನೆಯ ಸಲ ಗಾಡಿ ಬಂದ ಮೇಲೆ ನಾನು ಬಿಚ್ಚಿ ನೋಡದೇ ಬಿಟ್ಟಿದ್ದ ಜಾಗ ಅದೊಂದೇ. ನಾನೇ ತೊಳೆದಿಟ್ಟದ್ದಲ್ಲವಾ, ಅದರಲ್ಲಿ ಇನ್ನೇನಿರುತ್ತದೆ ಎಂಬ ಸೊಕ್ಕು. ಇಂಜಿನ್ನಿನ ಆಯಿಲ್ ಹಬೆ ಹೊರಹೋಗುವ ಸಣ್ಣ ಪೈಪು ಆ ಮುಚ್ಚಳಕ್ಕೇ ಬಂದು ಸೇರುತ್ತದೆ. ಹಬೆ ನನ್ನ ಎಲೆ ಗಂಟಿನ ಮೇಲೆ ತೊಟ್ಟಿಕ್ಕಿ, ಎಲೆ ನೆಂದು, ಬಟ್ಟೆ ಅಂಚಿನಲ್ಲಿ ಹರಿದು, ಅರ್ಧಕ್ಕರ್ಧ ಪುಡಿಯಾಗಿ ಒಳಗೆ ಹೋಗಿತ್ತು. ಉಳಿದದ್ದು ಯಾರೋ ಅಗಿದು ಉಗಿದ ಸೊಪ್ಪಿನ ಮುದ್ದೆಯಂತೆ ಪಚಪಚ ಅಂಟುತ್ತಿತ್ತು. ಸತ್ತ ಇಲಿಮರಿಗಳನ್ನು ತೆಗೆದಾಗಲೂ ನನಗೆ ಅಷ್ಟು ಅಸಹ್ಯವಾಗಿರಲಿಲ್ಲ. ಅವುಗಳನ್ನು ಇಟ್ಟವನು ನಾನಲ್ಲ.

ಅದನ್ನು ತೆಗೆದು, ಎಲ್ಲ ತೊಳೆದು, ಮುಚ್ಚಿದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಫಿಟ್ಟರನ ಹೆಸರು ಆಗಲೇ ಕೆಟ್ಟಿದೆ, ಇನ್ನಷ್ಟು ಕೆಟ್ಟರೇನು. ಸ್ನೇಹಿತನೂ ಅದನ್ನೇ ಹೇಳಿದ.

"ಒಲೆಗಾಕ್ಲಾ ಅತ್ಲಾಗೆ. ಯಾರ್ ನೋಡವ್ರೆ?"

ನಾನು ಒಲೆಗೆ ಹಾಕಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟೆ. ತುಂಬ ಒಳ್ಳೆಯವನೆಂದಲ್ಲ. ಹತ್ತು ದಿನ ಇನ್ನೊಬ್ಬನ ಕೈಯನ್ನು ಕಂಡು ಮೂಗು ಮುರಿದವನಿಗೆ, ಇದನ್ನು ಬಚ್ಚಿಟ್ಟರೆ ನನ್ನ ಕೈಯಲ್ಲಿ ನಾನು ಅನ್ನ ಕಲಸಲಾರೆ ಅನ್ನಿಸಿತು, ಅಷ್ಟೇ.

ಶನಿವಾರ ಆಕೆ ಬಂದಳು. ಇಂಜಿನ್ ಎಂಟುನೂರರಲ್ಲಿ ಓಡುತ್ತಿತ್ತು. ಆಕೆಯ ಮುಖ ಅರಳುವ ಮೊದಲೇ ಕವರ್ ಬಿಚ್ಚಿ ತೋರಿಸಿ ಹೇಳಿದೆ. ಎಲ್ಲಿ ಇಟ್ಟೆ, ಯಾಕೆ ಇಟ್ಟೆ, ಎಲ್ಲಿ ಇಡಬಾರದಾಗಿತ್ತು. ಆಕೆ ಗಂಟನ್ನು ನೋಡಿದಳು, ನನ್ನನ್ನು ನೋಡಿದಳು.

"ಅಂದ್ರೆ ಮೈಸೂರೋನ್ದು ಏನೂ ಇಲ್ವಾ?"

"ಮೊದಲನೇ ಸಲದ್ದು ಅವಂದು. ಆನೆ ಮುಂದೆ ಆಫಾದದ್ದು ನಂದು."

"ಗಾಡೀಲಿ ಐದ್ ಜನ ಕುಂತಿದ್ರಲ್ಲಣ್ಣ."

"ಬಯ್ಯವ್ವ, ಬಯ್ದುಬಿಡು."

"ಬೈದ್ರೆ ನಿಮ್ಗೆ ಅಗುರಾಯ್ತದೆ. ನಂಗೇನಾಯ್ತದೆ?" ಎಂದು ಎದ್ದಳು. "ಸೋಮ್ವಾರ ಬೆಳಿಗ್ಗೆ ಕ್ವಾಟೆ ಬಸ್ ಸ್ಟ್ಯಾಂಡ್ಗೆ ಬನ್ನಿ. ಟೀಚರಮ್ಮೋರ್ ಮುಂದೆ ನೀವೇ ಯೋಳಿ. ಆಮ್ಯಾಕೆ ನಮ್ ಜೊತೇಲೇ ಕುಂತ್ಕಳಿ."

ಫಿಟ್ಟರಿಗೂ ಫೋನ್ ಮಾಡಿದೆ. "ಹೋಗ್ಲಿ ಬಿಡಿ ಸಾರ್, ಎಲ್ಲರಿಗೂ ಆಗುತ್ತೆ," ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ನನ್ನ ಎಲೆಯಿಂದ ಅವನ ಸೈಕಲ್ ಟ್ಯೂಬೇನೂ ಚಿನ್ನವಾಗುವುದಿಲ್ಲ. ಆದರೆ ಅದನ್ನು ಹೇಳುವ ಬಾಯಿ ನನಗೆ ಉಳಿದಿರಲಿಲ್ಲ.

ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ ಐವರಿಗೂ ನಿಂತುಕೊಂಡೇ ಹೇಳಿದೆ. ಹಿರಿಯ ಟೀಚರು ಕನ್ನಡಕದ ಮೇಲಿನಿಂದ ನೋಡುತ್ತ, ಪಾಠ ಒಪ್ಪಿಸುವ ಮಗುವಿನ ಮಾತು ಕೇಳಿದಂತೆ ಪೂರ್ತಿ ಕೇಳಿದರು. "ಸರಿ, ಹತ್ತಿ. ನೀವು ಮುಂದೆ ಕೂತ್ಕೊಳ್ಳಿ, ಮೊದಲು ಆನೆ ನಿಮ್ಮನ್ನೇ ನೋಡಲಿ," ಎಂದರು. ಉಳಿದವರು ನಕ್ಕರು, ಸ್ವಲ್ಪವೇ.

ಅಂತರಸಂತೆ ದಾಟಿ ಅದೇ ತಿರುವಿನಲ್ಲಿ ಆಕೆ ವ್ಯಾನು ನಿಲ್ಲಿಸಿದಳು. ಆನೆ ಇರಲಿಲ್ಲ. ಏನೂ ಇರಲಿಲ್ಲ. ಕಾಲೆತ್ತಿ, ರಿವರ್ಸ್ ಗೇರಿನ ಮೇಲೆ ಕೈಯಿಟ್ಟು ಕೂತಳು. ಸೀಟಿನ ಕೆಳಗೆ ಇಂಜಿನ್ ಒಂದೇ ಸಮನೆ ಓಡುತ್ತಿತ್ತು. ಐದು ನಿಮಿಷವಾದ ಮೇಲೆ ಆಕೆ ಗೇರ್ ಹಾಕಲು ಹೋದಳು.

"ಇನ್ನೂ ಸ್ವಲ್ಪ ಹೊತ್ತು ಇರ್ಲಿ ಕಣಮ್ಮ," ಎಂದರು ಹಿರಿಯ ಟೀಚರು.

ಇದ್ದೆವು. ನಾನು ಮುಳ್ಳು ನೋಡುತ್ತಿದ್ದೆ. ಅವರು ಕಾಡು ನೋಡುತ್ತಿದ್ದರು. ಕಾಲು ಗಂಟೆಯಾದ ಮೇಲೆ ಅವರೇ, "ಮಕ್ಕಳು ಕಾಯ್ತಿರ್ತಾರೆ, ನಡಿ," ಎಂದರು. ಸಂಜೆಗೆ ಎಷ್ಟು ಗಂಟೆಗೆ ಬರಬೇಕೆಂದು ಆಕೆಗೆ ಹೇಳಿ ಶಾಲೆಯ ಮುಂದೆ ಇಳಿದರು. ನಾಳೆಯ ವಿಷಯ ಯಾರೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ.

ಆಕೆ ನನ್ನನ್ನು ಕೋಟೆಗೆ ತಂದು ಬಿಟ್ಟಳು. ಅಲ್ಲಿಂದ ಹುಣಸೂರಿನ ಬಸ್ಸು. ಕಾಡಿನ ಗಾಳಿ ಕುಡಿದು ಬಂದ ಮೂಗು. ಬ್ಯಾರನ್ನುಗಳು ಶುರುವಾಗುವ ಕಡೆ ಬಸ್ಸು ತಿರುಗುತ್ತಲೇ ಒಂದು ಘಾಟು ಕಿಟಕಿಯಿಂದ ಒಳಕ್ಕೆ ನುಗ್ಗಿತು. ಸಿಹಿ, ಕಹಿ, ಕೊಳೆತ ಬೆಲ್ಲದಂಥದ್ದು. ಕರವಸ್ತ್ರ ಮೂಗಿಗೆ ಒತ್ತಿಕೊಂಡೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಮಡಿಲ ಚೀಲವನ್ನು ದೂರಕ್ಕೆ ಸರಿಸಿಕೊಂಡು, "ಯಾಕಣ್ಣ, ವಾಂತಿ ಬತ್ತಾ ಅದಾ?" ಎಂದಳು.

"ವಾಸನೆ ಕಣವ್ವ."

ಆಕೆ ಕಿಟಕಿಯತ್ತ ಬಗ್ಗಿ ಎರಡು ಸಲ ಮೂಸಿದಳು.

"ಯಾವ್ದ್ ವಾಸ್ನೆ?" ಎಂದಳು.